ಹವಾಯಿಯ ದೊಡ್ಡ ದ್ವೀಪ: ನೋಡುವ ತಾಣಗಳ ಹಿಂದಿನ ಚರಿತ್ರೆ

(ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



ರಜೆಗೆಂದು ಹವಾಯಿಗೆ ಹೋಗಿಬಂದ ಕುಟುಂಬಗಳು ನಮ್ಮಲ್ಲಿ ಈಗ ಕಡಮೆಯೇನಲ್ಲ. ಅವರ ಚಿತ್ರಸಂಪುಟಗಳನ್ನು ತಿರುವಿದರೆ ಕಾಣುವುದು ಬಹುಮಟ್ಟಿಗೆ ಒಂದೇ ಬಗೆಯ ನೋಟ: ಕಡಲತೀರ, ಹೂಮಾಲೆ, ಸಂಜೆಯ ಹುಲಾ ನೃತ್ಯ, ಕೊನೆಗೆ ಹೊಗೆಯಾಡುವ ಒಂದು ಪರ್ವತ. ಇವು ಯಾವುವೂ ತ್ಯಾಜ್ಯವಲ್ಲ. ಆದರೆ ದ್ವೀಪಸಮೂಹಕ್ಕೆಲ್ಲ ತನ್ನ ಹೆಸರನ್ನು ಕೊಟ್ಟ ಆ ದೊಡ್ಡ ದ್ವೀಪದಲ್ಲಿ ನೋಡತಕ್ಕದ್ದೇನು ಎಂದು ಕೇಳಿದರೆ, ವೃತ್ತಿಯಿಂದ ವೈದ್ಯರಾದ ನಮ್ಮ ಮನಸ್ಸಿಗೆ ಮೊದಲು ಬರುವವರು ಇಬ್ಬರು ಸ್ತ್ರೀಯರು. ಒಬ್ಬಳು ಆ ನೆಲದ ಒಡತಿ, ಇನ್ನೊಬ್ಬಳು ಹಡಗಿನಲ್ಲಿ ಬಂದವಳು. ಇಬ್ಬರೂ ಒಂದೇ ವ್ಯಾಧಿಗೆ, ಒಂದೇ ಶಸ್ತ್ರಕ್ಕೆ ಮೈಯೊಡ್ಡಿದವರು. ಅವರ ಹೆಜ್ಜೆಯನ್ನು ಹಿಡಿದು ಹೋದರೆ ದ್ವೀಪದ ಮುಖ್ಯ ತಾಣಗಳೆಲ್ಲವೂ ದಾರಿಯಲ್ಲೇ ಸಿಗುತ್ತವೆ.

ಭೂಗೋಳವನ್ನು ಎರಡು ಮಾತಿನಲ್ಲಿ ಮುಗಿಸೋಣ. ಐದು ಜ್ವಾಲಾಮುಖಿಗಳು ಒಂದಕ್ಕೊಂದು ಬೆಸೆದು ಆದ ನೆಲವಿದು. ಉಳಿದ ಹವಾಯಿ ದ್ವೀಪಗಳನ್ನೆಲ್ಲ ಕೂಡಿಸಿದರೂ ಇದರಷ್ಟಾಗುವುದಿಲ್ಲ. ಮೌನಾ ಕೇಯಾದ ಎತ್ತರ ಸಮುದ್ರಮಟ್ಟದಿಂದ 4,207 ಮೀಟರು. ಕಡಲತಳದ ಬುಡದಿಂದ ಅಳೆದರೆ ಎವರೆಸ್ಟಿಗಿಂತ ಹೆಚ್ಚು. ಪ್ರವಾಸಿಗಳು ಸಾಮಾನ್ಯವಾಗಿ ಇಳಿಯುವುದು ಪಶ್ಚಿಮದ ಕೋನಾ ತೀರದಲ್ಲಿ. ನಾವೂ ಅಲ್ಲಿಂದಲೇ ಹೊರಡೋಣ.

ಕೈಲುವಾ ಊರಿನ ಹಡಗುಕಟ್ಟೆಯ ಪಕ್ಕದಲ್ಲಿ ಹುಲ್ಲುಮಾಡಿನ ಒಂದು ಪುಟ್ಟ ದೇಗುಲ ಮರುನಿರ್ಮಾಣಗೊಂಡು ನಿಂತಿದೆ. ದ್ವೀಪಗಳನ್ನೆಲ್ಲ ಒಂದೇ ಆಳ್ವಿಕೆಗೆ ತಂದ ಮೊದಲನೆಯ ಕಮೆಹಮೆಹಾ 1819ರ ಮೇ ತಿಂಗಳಲ್ಲಿ ಮೃತನಾದದ್ದು ಈ ಆವರಣದಲ್ಲಿ. ಅದೇ ವರ್ಷ, ಅದೇ ಊರಿನಲ್ಲಿ, ಒಂದು ಊಟ ಒಂದು ಧರ್ಮವನ್ನೇ ಮುಗಿಸಿತು. 'ಕಪು' ಎಂಬ ಕಟ್ಟಳೆಯಂತೆ ಗಂಡಸರೂ ಹೆಂಗಸರೂ ಕೂಡಿ ಉಣ್ಣುವಂತಿರಲಿಲ್ಲ. ಹೆಂಗಸರಿಗೆ ಬಾಳೆಹಣ್ಣು, ತೆಂಗಿನಕಾಯಿ, ಹಂದಿಯ ಮಾಂಸ ನಿಷಿದ್ಧ. ಮೀರಿದವರಿಗೆ ಮರಣದಂಡನೆಯೂ ಆಗಬಹುದಿತ್ತು. ಹೊಸ ಅರಸ ಲಿಹೋಲಿಹೋ, ಹೆತ್ತ ತಾಯಿ ಕಿಯೋಪುವೊಲಾನಿ ಮತ್ತು ಮಲತಾಯಿ ಕಾಹುಮಾನು ಇವರ ಒತ್ತಾಯದಿಂದ, ಎಲ್ಲರೆದುರಿಗೆ ಹೆಂಗಸರ ಸಾಲಿನಲ್ಲಿ ಕುಳಿತು ಉಂಡ. ಪಂಕ್ತಿಭೇದವೆಂದರೇನೆಂದು ಬಲ್ಲ ನಮ್ಮಂಥವರಿಗೆ ಆ ತುತ್ತಿನ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಗಮನಿಸಬೇಕಾದದ್ದು ಇಷ್ಟು: ಕ್ರೈಸ್ತ ಪಾದ್ರಿಗಳು ಬರುವುದಕ್ಕೆ ಮೊದಲೇ ಹವಾಯಿಯ ಜನ, ಅದರಲ್ಲೂ ಹವಾಯಿಯ ಹೆಂಗಸರು, ಈ ಕಟ್ಟಳೆಯನ್ನು ತಾವೇ ಮುರಿದಿದ್ದರು.

ಪಾದ್ರಿಗಳು ಬಂದದ್ದು 1820ರ ಏಪ್ರಿಲಿನಲ್ಲಿ, ಐದು ತಿಂಗಳಿಗೂ ಮಿಕ್ಕ ಯಾನದ ಬಳಿಕ. ಅವರಲ್ಲಿ ಏಸಾ ಥರ್ಸ್ಟನ್ ಮತ್ತು ಆತನ ಪತ್ನಿ ಲೂಸಿ ಇದ್ದರು. ಲೂಸಿಗೆ ವರನ ಪರಿಚಯವಾಗಿ ಕೆಲವೇ ವಾರಗಳಾಗಿದ್ದವು. ಮದುವೆಯಾಗಿ ಎರಡು ವಾರದೊಳಗೆ ಹಡಗು ಹತ್ತಿದ್ದಳು. ಮದುವೆಯ ಅರಿಶಿನ ಆರುವ ಮೊದಲೇ ವಿಮಾನವೇರಿದ ನಮ್ಮ ತಲೆಮಾರಿನ ಗೃಹಿಣಿಯರಿಗೆ ಇದು ವಿಚಿತ್ರವೆನಿಸಲಾರದು. ಈ ದಂಪತಿಗಳ ಕಾಲದಲ್ಲಿ, 1837ರಲ್ಲಿ ಪೂರ್ಣಗೊಂಡ ಮೊಕುವೈಕಾವಾ ಚರ್ಚು ಇಂದಿಗೂ ಕೈಲುವಾದಲ್ಲಿದೆ. ಲಾವಾಶಿಲೆಯ ಗೋಡೆ, ಹವಳವನ್ನು ಸುಟ್ಟು ಮಾಡಿದ ಸುಣ್ಣದ ಗಾರೆ, ಓಹಿಯಾ ಮರದ ತೊಲೆಗಳು. ಎದುರಿಗೆ ಹುಲಿಹೆಯೆ ಅರಮನೆ. ಎರಡನ್ನೂ ಒಂದೇ ಬೆಳಗ್ಗೆ ನೋಡಿ ಮುಗಿಸಬಹುದು.

ಕೈಲುವಾದಿಂದ ದಕ್ಷಿಣಕ್ಕೆ ಕೆಯಾಲಾಕೆಕುವಾ ಕೊಲ್ಲಿ. ತಿಳಿನೀರಿನಲ್ಲಿ ಮುಖವಾಡ ಕಟ್ಟಿ ಈಜಿ, ಬಣ್ಣದ ಮೀನುಗಳನ್ನು ನೋಡುವುದಕ್ಕೆ ಹೆಸರಾದ ಸ್ಥಳ. ಅದರ ಕಾಅವಲೋವಾ ದಡದಲ್ಲೊಂದು ಬಿಳಿಯ ಸ್ತಂಭವಿದೆ. 1779ರ ಫೆಬ್ರವರಿ 14ರಂದು ಕ್ಯಾಪ್ಟನ್ ಜೇಮ್ಸ್ ಕುಕ್ ಹತನಾದ ಜಾಗ. ಆ ಸಾವಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕುಕ್‌ನ ಹಡಗುಗಳಲ್ಲಿದ್ದ ಕ್ಷಯರೋಗದ ಕಥೆಯನ್ನು ಹೇಳುವವರು ಕಡಮೆ. ಆ ಯಾನದ ವೈದ್ಯ ವಿಲಿಯಂ ಆಂಡರ್ಸನ್ 1778ರಲ್ಲಿ ಕ್ಷಯದಿಂದ ಸತ್ತ. ಕುಕ್‌ನ ನಂತರ ನೇತೃತ್ವ ವಹಿಸಿದ ಚಾರ್ಲ್ಸ್ ಕ್ಲರ್ಕ್ 1779ರ ಆಗಸ್ಟಿನಲ್ಲಿ ಅದರಿಂದಲೇ ಸತ್ತ. ಲೈಂಗಿಕ ರೋಗಗಳಂತೂ ನಾವಿಕರೊಡನೆ ಮೊದಲ ಭೇಟಿಯಲ್ಲೇ ದಡಕ್ಕೆ ಇಳಿದಿದ್ದವು. ಅದು ತಮ್ಮವರ ತಪ್ಪಲ್ಲವೆಂದು ಹಡಗಿನ ಇನ್ನೊಬ್ಬ ವೈದ್ಯ ಡೇವಿಡ್ ಸ್ಯಾಮ್ವೆಲ್ 1786ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ವಾದಿಸಿದ. ವಾದ ನಮಗೆ ಒಪ್ಪಿಗೆಯಾಗುವಂಥದ್ದಲ್ಲ. ಮುಂದೆ 1848-49ರಲ್ಲಿ ದಡಾರ, ನಾಯಿಕೆಮ್ಮು, ಇನ್‌ಫ್ಲುಯೆಂಜಾ, 1853ರಲ್ಲಿ ಸಿಡುಬು. ಕುಕ್‌ನ ಸಹಚರ ಜೇಮ್ಸ್ ಕಿಂಗ್ 4 ಲಕ್ಷವೆಂದು ಅಂದಾಜಿಸಿದ್ದ ದ್ವೀಪಗಳ ಜನಸಂಖ್ಯೆ, 1890ರ ಗಣತಿಯ ವೇಳೆಗೆ, ಮಿಶ್ರ ಸಂತಾನವನ್ನು ಸೇರಿಸಿಯೂ, ಸುಮಾರು 40,000 ಮೂಲನಿವಾಸಿಗಳಿಗೆ ಇಳಿಯಿತು. ಕಿಂಗ್‌ನ ಎಣಿಕೆಯಲ್ಲಿ ಅರ್ಧವನ್ನು ಕಳೆದರೂ ಉಳಿಯುವ ಲೆಕ್ಕ ಭೀಕರವೇ.

ಇದೇ ಕಾಅವಲೋವಾದಲ್ಲಿ ವಾಸವಾಗಿದ್ದವಳು ನಮ್ಮ ಮೊದಲ ನಾಯಕಿ, ಮುಖ್ಯಸ್ಥೆ ಕಪಿಯೋಲಾನಿ. ಹೊಸ ಮತವನ್ನು ಸೇರಿದ ಮೊದಲಿಗರಲ್ಲಿ ಒಬ್ಬಳು. ಅವಳನ್ನು ಅರಿಯಬೇಕಾದರೆ ಎರಡು ತಾಣಗಳನ್ನು ನೋಡಬೇಕು. ಒಂದು, ಸಮೀಪದ ಹೋನೌನೌ ಎಂಬ ಅಭಯಸ್ಥಾನ. ಕಪು ಮೀರಿ ಓಡಿಬಂದವನು ಈಜಿಯಾದರೂ ಈ ಆವರಣವನ್ನು ಮುಟ್ಟಿದರೆ ಪೂಜಾರಿಯಿಂದ ಪ್ರಾಯಶ್ಚಿತ್ತ ಪಡೆದು ಜೀವ ಉಳಿಸಿಕೊಳ್ಳುತ್ತಿದ್ದ. ಗಾರೆಯಿಲ್ಲದೆ ಕಟ್ಟಿದ ಅದರ ಮಹಾಗೋಡೆಯನ್ನು ನೋಡಿ ನಮ್ಮ ಊರುಗಳ ಕೋಟೆಗೋಡೆಗಳು ನೆನಪಾದವು. ಅಲ್ಲಿದ್ದ ರಾಜವಂಶದ ಅಸ್ಥಿಗಳ ಗುಡಿಯನ್ನು 1829ರಲ್ಲಿ ಕಾಹುಮಾನು ಕೆಡವಿಸಿದಾಗ ಕಪಿಯೋಲಾನಿ ಮನನೊಂದು, ಪೂರ್ವಜರ ಅಸ್ಥಿಗಳನ್ನು ಎತ್ತಿ ಒಯ್ದು ಕೊಲ್ಲಿಯ ಮೇಲಿನ ಕಡಿಬಂಡೆಗಳಲ್ಲಿ ಅಡಗಿಸಿದಳು.

ಇನ್ನೊಂದು ತಾಣ ಕಿಲವೇಯಾ. ಕೋನಾದಿಂದ ಕಾರಿನಲ್ಲಿ ಸುಮಾರು 150 ಕಿಲೋಮೀಟರು. ಕಪಿಯೋಲಾನಿ 1824ರ ಡಿಸೆಂಬರಿನಲ್ಲಿ ಲಾವಾನೆಲದ ಮೇಲೆ ನಡೆದು ಬಂದಳು. ಅಗ್ನಿದೇವತೆ ಪೆಲೆಯ ನೆಲೆಯಿದು. ಇಲ್ಲಿ ಬೆಳೆಯುವ ಓಹೆಲೋ ಹಣ್ಣನ್ನು ದೇವಿಗೆ ಎಡೆ ಮಾಡದೆ ಯಾರೂ ಬಾಯಿಗೆ ಹಾಕುವಂತಿರಲಿಲ್ಲ. ಹೋಗಬೇಡವೆಂದು ಜನ ಅತ್ತು ತಡೆದರು. ಅವಳು ಕುಂಡದೊಳಕ್ಕೆ ಇಳಿದು, ಎಡೆಯಿಲ್ಲದೆ ಹಣ್ಣು ತಿಂದು, ಕಲ್ಲೆಸೆದು, ಪ್ರಾರ್ಥನೆ ಮಾಡಿ ಹಿಂದಿರುಗಿದಳು. ಪಾದ್ರಿಗಳು ಇದನ್ನು ವಿಗ್ರಹಾರಾಧನೆಯ ಮೇಲಿನ ಜಯವೆಂದು ಹಾಡಿದರು. ಐದು ವರ್ಷದ ಬಳಿಕ ಪೂರ್ವಜರ ಅಸ್ಥಿಗಳನ್ನು ಎದೆಗವಚಿಕೊಂಡವಳೂ ಅವಳೇ ಎಂಬುದು ಆ ಹಾಡಿಗೆ ಹೊಂದುವುದಿಲ್ಲ. ನಮಗೆ ಅವಳು ಹಿರಿಯಳಾಗಿ ಕಾಣುವುದು ಈ ಎರಡೂ ಒಂದೇ ಹೃದಯದಲ್ಲಿದ್ದುದರಿಂದ.

1841ರಲ್ಲಿ ಕಪಿಯೋಲಾನಿಗೆ ಸ್ತನದ ಕ್ಯಾನ್ಸರ್ ಕಾಣಿಸಿತು. ಹೊನೊಲುಲುವಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದವನು ಮಿಷನ್ನಿನ ವೈದ್ಯ ಗೆರಿಟ್ ಜಡ್. ಅದೇ ವರ್ಷದ ಜನವರಿಯಲ್ಲಿ ಈತ ಕಿಲವೇಯಾ ಕುಂಡಕ್ಕಿಳಿದು ಅನಿಲ ಸಂಗ್ರಹಿಸುತ್ತಿದ್ದಾಗ ಲಾವಾ ಉಕ್ಕಿ, ಸ್ಥಳೀಯನೊಬ್ಬ ಕೈಕೊಟ್ಟು ಎಳೆದದ್ದರಿಂದ ಬದುಕಿದ್ದ. ಈಥರ್ ಅರಿವಳಿಕೆ ಬಾಸ್ಟನ್ನಿನಲ್ಲಿ ಪ್ರದರ್ಶಿತವಾದದ್ದು 1846ರಲ್ಲಿ. ಆದ್ದರಿಂದ ಎಲ್ಲವೂ ಪೂರ್ಣ ಎಚ್ಚರದಲ್ಲೇ ನಡೆಯಿತು. ಗಾಯ ಮಾಯಿತು, ಅವಳು ಪ್ರವಾಸವನ್ನೂ ಕೈಗೊಂಡಳು. ಅನಂತರ ನಮ್ಮ ಆಯುರ್ವೇದದವರು ವಿಸರ್ಪವೆನ್ನುವ ಚರ್ಮದ ಸೋಂಕು ತಗಲಿ ಮೇ 5ರಂದು ತೀರಿಕೊಂಡಳು. ಲಿಸ್ಟರನ ಕ್ರಿಮಿನಾಶಕ ವಿಧಾನಕ್ಕೆ ಇನ್ನೂ 26 ವರ್ಷ, ಪೆನಿಸಿಲಿನ್ನಿಗೆ ಒಂದು ಶತಮಾನ ಬಾಕಿಯಿತ್ತು.

ಲೂಸಿ ಥರ್ಸ್ಟನ್ನಳ ಸರದಿ 1855ರ ಸೆಪ್ಟೆಂಬರಿನಲ್ಲಿ. ಅವಳಿಗಾಗ 59 ವರ್ಷ. ಅರಿವಳಿಕೆ ಆ ವೇಳೆಗೆ ಬಂದಿದ್ದರೂ, ಹಿಂದೆ ಪಾರ್ಶ್ವವಾಯು ತಟ್ಟಿದ್ದ ದೇಹಕ್ಕೆ ಅದು ಅಪಾಯವೆಂದು ವೈದ್ಯರು ಕೊಡಲಿಲ್ಲ. ಕುರ್ಚಿಯಲ್ಲಿ ಕುಳಿತು, ಸುಮಾರು ಒಂದೂವರೆ ಗಂಟೆ ಕಾಲ ಕತ್ತಿಗೆ ಎದೆಯೊಡ್ಡಿದಳು. ಮುಂದೆ ಮಗಳಿಗೆ ಬರೆದ ಪತ್ರದಲ್ಲಿ ಒಂದೊಂದು ಹಂತವನ್ನೂ ದಾಖಲಿಸಿದಳು. ಕಂಕುಳಿನ ಗ್ರಂಥಿಗಳನ್ನೂ ತೆಗೆದರೆಂದು ಅದರಿಂದ ತಿಳಿಯುತ್ತದೆ. ಬಾಲ್ಟಿಮೋರಿನ ಹಾಲ್‌ಸ್ಟೆಡ್ ತನ್ನ ಪ್ರಸಿದ್ಧ ವಿಧಾನದ ಫಲಿತಾಂಶಗಳನ್ನು 1894ರಲ್ಲಿ ಪ್ರಕಟಿಸುವುದಕ್ಕೆ ಸುಮಾರು 40 ವರ್ಷ ಮುಂಚಿನ ಮಾತು ಇದು. ಲೂಸಿ ಮತ್ತೆ 21 ವರ್ಷ ಬದುಕಿದಳು. ಇಬ್ಬರ ಧೈರ್ಯದಲ್ಲಿ ತಾರತಮ್ಯವಿರಲಿಲ್ಲ. ಸೋಂಕು ಒಬ್ಬಳಿಗೆ ತಗಲಿತು, ಇನ್ನೊಬ್ಬಳಿಗೆ ತಗಲಲಿಲ್ಲ.

ಈ ಲೂಸಿಯ ಮೊಮ್ಮಗನೇ ಲೊರಿನ್ ಥರ್ಸ್ಟನ್. ಕಿಲವೇಯಾದ ಉದ್ಯಾನದಲ್ಲಿ ಜರೀಗಿಡಗಳ ಕಾಡಿನ ನಡುವೆ ಸುಮಾರು 500 ವರ್ಷ ಹಳೆಯದಾದ ಒಂದು ಲಾವಾ ಸುರಂಗವಿದೆ. ಮಕ್ಕಳು ಬಹಳ ಮೆಚ್ಚುತ್ತಾರೆ. ಅದಕ್ಕೆ ಬಹುಕಾಲ ಇದ್ದ ಹೆಸರು ಇವನದೇ. 1916ರಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗುವಂತೆ ಹೋರಾಡಿದವನು, 1912ರಲ್ಲಿ ವಿಜ್ಞಾನಿ ಜಾಗರ್ ಅಲ್ಲಿ ವೀಕ್ಷಣಾಲಯ ತೆರೆಯಲು ನೆರವಾದವನು. ಕುಂಡದ ಅಂಚಿನ ಹೋಟೆಲಿನಲ್ಲಿ ಅವನದೂ ಪಾಲಿತ್ತು. 1893ರ ಷಿಕಾಗೋ ವಸ್ತುಪ್ರದರ್ಶನದಲ್ಲಿ, ಎಂದರೆ ಸ್ವಾಮಿ ವಿವೇಕಾನಂದರು ಮಾತನಾಡಿದ ಧರ್ಮಸಮ್ಮೇಳನ ನಡೆದ ಅದೇ ಮಹಾಮೇಳದಲ್ಲಿ, ಕಿಲವೇಯಾದ ದೊಡ್ಡ ಸುತ್ತುಚಿತ್ರವನ್ನು ಪ್ರದರ್ಶನಕ್ಕಿಟ್ಟವನೂ ಇವನೇ. ಅದೇ 1893ರ ಜನವರಿಯಲ್ಲಿ ರಾಣಿ ಲಿಲಿಯುವೊಕಲಾನಿಯನ್ನು ಸಿಂಹಾಸನದಿಂದ ಇಳಿಸಿದ ಗುಂಪಿನ ಮುಂದಾಳು ಕೂಡ ಈ ಲೊರಿನ್ ಥರ್ಸ್ಟನ್ನನೇ. ನಾವಿಂದು ಟಿಕೇಟು ಕೊಂಡು ಸಂತೋಷದಿಂದ ತಿರುಗಾಡುವ ಉದ್ಯಾನ ಮತ್ತು ಒಂದು ರಾಜ್ಯದ ನಾಶ, ಇವೆರಡೂ ಬಹುಮಟ್ಟಿಗೆ ಒಂದೇ ಕೈಯ ಕೆಲಸ. ಈಗ ಸುರಂಗವನ್ನು ನಾಹುಕು ಎಂಬ ಹವಾಯಿ ಹೆಸರಿನಿಂದ ಕರೆಯುವುದು ರೂಢಿಗೆ ಬಂದಿದೆ, ಯುಕ್ತವೇ ಆಗಿದೆ.

ಹೋಗುವವರಿಗೆ ಎರಡು ವೈದ್ಯಕೀಯ ಸೂಚನೆಗಳು. ಜ್ವಾಲಾಮುಖಿಯ ಗಂಧಕದ ಹೊಗೆ ಉಬ್ಬಸದವರಿಗೂ ಹೃದ್ರೋಗಿಗಳಿಗೂ ಒಳ್ಳೆಯದಲ್ಲ. ಔಷಧ ಜೇಬಿನಲ್ಲಿರಲಿ, ಉದ್ಯಾನದ ಅಂದಿನ ವಾಯುಸ್ಥಿತಿಯನ್ನು ಕೇಳಿಯೇ ಹೊರಡಿ. ಕುಂಡದ ಅಂಚು 1,200 ಮೀಟರು ಎತ್ತರದಲ್ಲಿದೆ, ರಾತ್ರಿ ಚಳಿ; ಅಜ್ಜಿ ತಾತಂದಿರಿಗೆ ಉಣ್ಣೆಯ ಶಾಲು ಬೇಕು. ಪರ್ವತ ಹೇಳಿದಂತೆ ಕೇಳುವುದಿಲ್ಲ: 2018ರಲ್ಲಿ ತಪ್ಪಲಿನ ಪುನಾ ಸೀಮೆಯಲ್ಲಿ ಸುಮಾರು 700 ಮನೆಗಳು ಲಾವಾದಡಿ ಹೋದವು, 2024ರ ಡಿಸೆಂಬರಿನಲ್ಲಿ ತೊಡಗಿದ ಉದ್ಗಾರ ಸರಣಿಯಲ್ಲಿ 300 ಮೀಟರಿಗೂ ಮೀರಿದ ಬೆಂಕಿಯ ಕಾರಂಜಿಗಳೆದ್ದವು.

ಕೊನೆಯ ತಾಣ ಮಳೆಯೂರು ಹಿಲೋ. ಇಲ್ಲಿ ಜೋಸೆಫ್ ನಾವಾಹಿ ಎಂಬ ವಕೀಲ, ಶಾಸಕ, ಚಿತ್ರಕಾರ ಇದ್ದ. ರಾಣಿಯ ಪಕ್ಷ ವಹಿಸಿದ್ದಕ್ಕೆ ಸೆರೆಮನೆ ಸೇರಿ, ಅಲ್ಲಿ ಕ್ಷಯ ಅಂಟಿ, 1896ರಲ್ಲಿ ತೀರಿಕೊಂಡ. ಮರುವರ್ಷ ಅವನ ವಿಧವೆ ಎಮ್ಮಾ ನಾವಾಹಿ, ಅಮೆರಿಕಕ್ಕೆ ಸೇರ್ಪಡೆಯನ್ನು ವಿರೋಧಿಸುವ ಮನವಿಗೆ ಸಹಿ ಕೂಡಿಸಲು ಗೆಳತಿ ಅಬಿಗೈಲ್ ಕ್ಯಾಂಪ್‌ಬೆಲ್ಲಳೊಡನೆ ಹಿಲೋಗೆ ಬಂದಳು. ದ್ವೀಪಗಳಿಂದ ಒಟ್ಟು 21,269 ಸಹಿಗಳಾದವು. ಉಳಿದಿದ್ದ ಮೂಲನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಸೇರ್ಪಡೆಯ ಒಪ್ಪಂದ ಸೆನೆಟ್ಟಿನಲ್ಲಿ ಬಿದ್ದಿತು. ಆದರೆ 1898ರ ಜುಲೈಯಲ್ಲಿ, ಸ್ಪೇನಿನೊಡನೆ ಯುದ್ಧ ನಡೆಯುತ್ತಿದ್ದಾಗ, ಜಂಟಿ ನಿರ್ಣಯವೊಂದರಿಂದ ಸೇರ್ಪಡೆ ಆಗಿಹೋಯಿತು. ಆ ಸಹಿಗಳ ಹಾಳೆಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಮರೆತುಹೋದಂತಿದ್ದು, 1990ರ ದಶಕದಲ್ಲಿ ಸಂಶೋಧಕಿ ನೋಯೆನೋಯೆ ಸಿಲ್ವಾ ಅವರಿಂದ ಮತ್ತೆ ಬೆಳಕಿಗೆ ಬಂದವು. ಗಂಡಸರ ಹಾಳೆ ಬೇರೆ, ಹೆಂಗಸರ ಹಾಳೆ ಬೇರೆ. ಹೆಸರಿನ ಜೊತೆಗೆ ವಯಸ್ಸು ಬರೆದಿದೆ. ಹವಾಯಿಯ ಕುಟುಂಬಗಳು ಈಗ ಆ ಹಾಳೆಗಳಲ್ಲಿ ತಮ್ಮ ಮುತ್ತಜ್ಜಿಯರ ಹೆಸರುಗಳನ್ನು ಹುಡುಕುತ್ತಾರೆ.