ಟೊಯೊಟಾ ಇಟಿಯೋಸ್ ಲಿವಾ: ‘ನಿಂತುಹೋದ ಮಾಡೆಲ್, ಮುಟ್ಟಬೇಡಿ’ ಎಂಬ ಮಾತು ಎಷ್ಟು ನಿಜ?

ಭತ್ತದ ದುಡ್ಡು ಕೈಗೆ ಬಂದ ಮೇಲೆ ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ ಊರುಗಳಲ್ಲಿ ಒಂದು ಮಾತು ಶುರುವಾಗುತ್ತದೆ: “ಈ ಸಲ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡೋಣ.” ವಯಸ್ಸಾದವರನ್ನು ಸಿಂಧನೂರು, ರಾಯಚೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಮದುವೆ ಜಾತ್ರೆಗೆ ಹೋಗಬೇಕು, ಖರ್ಚು ಮಾತ್ರ ಮಿತಿಯಲ್ಲಿರಬೇಕು. ಹೆಚ್ಚಿನವರು ಮೊದಲು ಕೇಳುವುದು ಸ್ವಿಫ್ಟ್. ಅದರ ಬೆಲೆ ಕೇಳಿ ಹಿಂದೆ ಸರಿದವರ ಮುಂದೆ ಡೀಲರ್ ನಿಲ್ಲಿಸುವ ಕಾರುಗಳಲ್ಲಿ ಒಂದು ಟೊಯೊಟಾ ಇಟಿಯೋಸ್ ಲಿವಾ. ಅಷ್ಟರಲ್ಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹೇಳುತ್ತಾರೆ: “ಆ ಮಾಡೆಲ್ ನಿಂತುಹೋಗಿದೆ, ಪಾರ್ಟ್ಸ್ ಸಿಗಲ್ಲ, ಮುಟ್ಟಬೇಡಿ.”

ಈ ಕಾರಿನ ಬಗ್ಗೆ, ಹಳೆಯ ಕಾರುಗಳ ಬಗ್ಗೆ ಹರಿದಾಡುವ ಆರು ಮಾತುಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಇದು ಯಾವ ಕಾರು?

ಲಿವಾ ನಮ್ಮ ರಾಜ್ಯದಲ್ಲೇ ತಯಾರಾದ ಕಾರು. ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2011ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂತು. 1.2 ಲೀಟರ್ ಪೆಟ್ರೋಲ್ ಮತ್ತು 1.4 ಲೀಟರ್ ಡೀಸೆಲ್ ಎಂಜಿನ್‌ಗಳಲ್ಲಿ ಸಿಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದಾಗ ಕಂಪನಿ ಇದನ್ನು ಹೊಸ ನಿಯಮಕ್ಕೆ ಬದಲಿಸದೆ ನಿಲ್ಲಿಸಿತು.

ಒಳಗೆ ಜಾಗ ಚೆನ್ನಾಗಿದೆ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದು. ಆದರೆ ಡ್ಯಾಶ್‌ಬೋರ್ಡ್ ಸಾದಾ, ಸ್ಪೀಡೋಮೀಟರ್ ಡ್ರೈವರ್ ಮುಂದೆ ಇಲ್ಲದೆ ನಡುವೆ ಇದೆ. ಶೋರೂಂನಲ್ಲಿ ಕಣ್ಣು ಸೆಳೆಯುವ ಕಾರು ಇದಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೆಲೆ ನಿರ್ಧಾರವಾಗುವುದು ಎಷ್ಟು ಜನ ಕೇಳುತ್ತಾರೆ ಎಂಬುದರ ಮೇಲೆ. ಕೇಳುವವರು ಕಡಿಮೆಯಾದರೆ ಬೆಲೆಯೂ ಇಳಿಯುತ್ತದೆ. ಬೆಲೆ ಇಳಿದ ಮಾತ್ರಕ್ಕೆ ಎಂಜಿನ್ ಕೆಟ್ಟಿದೆ ಎಂದಲ್ಲ. ನಾಳೆ ನೀವು ಮಾರುವಾಗಲೂ ಕೇಳುವವರು ಕಡಿಮೆಯೇ ಇರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಾತು 1: “ಮಾಡೆಲ್ ನಿಂತಿದೆ, ಪಾರ್ಟ್ಸ್ ಸಿಗಲ್ಲ”

ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಕಂಪನಿಯೇ ಮಾರಾಟ ನಿಲ್ಲಿಸಿ ಹೋಗುವುದು ಒಂದು. ಷೆವರ್ಲೆ ಕಾರುಗಳ ಮಾರಾಟ ಭಾರತದಲ್ಲಿ 2017ರಲ್ಲಿ ನಿಂತಿತು. ಫೋರ್ಡ್ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಹೇಳಿತು. ದಟ್ಸನ್ 2022ರಲ್ಲಿ ನಿಂತಿತು. ಕಂಪನಿ ಇದ್ದು ಒಂದು ಮಾಡೆಲ್ ಮಾತ್ರ ನಿಲ್ಲುವುದು ಇನ್ನೊಂದು. ಲಿವಾ ಎರಡನೆಯ ಗುಂಪಿಗೆ ಸೇರಿದ್ದು. ಟೊಯೊಟಾ ಈಗಲೂ ಬಿಡದಿಯಲ್ಲಿ ಕಾರು ತಯಾರಿಸುತ್ತಿದೆ, ಸರ್ವಿಸ್ ಜಾಲವೂ ಇದೆ. ಇದೇ 1.4 ಡೀಸೆಲ್ ಎಂಜಿನ್ ಇಟಿಯೋಸ್ ಸೆಡಾನ್ ಮತ್ತು ಕರೋಲಾ ಆಲ್ಟಿಸ್ ಡೀಸೆಲ್‌ನಲ್ಲೂ ಇತ್ತು. ಇಟಿಯೋಸ್ ಸೆಡಾನ್ ಟ್ಯಾಕ್ಸಿಯಾಗಿ ಬಹಳ ಓಡಿದ ಕಾರು, ಹಾಗಾಗಿ ಅದರ ಎಂಜಿನ್ ಕೆಲಸ ತಿಳಿದ ಮೆಕ್ಯಾನಿಕ್‌ಗಳು ಇದ್ದಾರೆ.

ಆದರೂ ಮುಂಗಡ ಕೊಡುವ ಮುನ್ನ ಸಿಂಧನೂರು, ಮಸ್ಕಿ, ಲಿಂಗಸುಗೂರು, ಎಲ್ಲಿ ನಿಮ್ಮ ಗ್ಯಾರೇಜ್ ಇದೆಯೋ ಅಲ್ಲಿ ಒಂದು ಪ್ರಶ್ನೆ ಕೇಳಿ: “ಇದರ ಕೆಲಸ ನೀವು ಮಾಡಿದ್ದೀರಾ? ಕ್ಲಚ್ ಪ್ಲೇಟ್, ಹೆಡ್‌ಲೈಟ್, ಬಂಪರ್ ತರಿಸಲು ಎಷ್ಟು ದಿನ?” ಎಂಜಿನ್ ಭಾಗಗಳಿಗಿಂತ ಬಾಡಿ ಭಾಗಗಳಿಗೇ ಹೆಚ್ಚು ಕಾಯಬೇಕಾಗಬಹುದು.

ಮಾತು 2: “15 ವರ್ಷ ಆದರೆ ಗುಜರಿಗೆ, ಡೀಸೆಲ್ ಆದರೆ 10ಕ್ಕೇ”

ಕರ್ನಾಟಕದ ಖಾಸಗಿ ಕಾರುಗಳ ಮಟ್ಟಿಗೆ ಇದು ತಪ್ಪು. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಎಂಬ ಮಿತಿ ಹುಟ್ಟಿದ್ದು ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ ಆದೇಶಗಳಿಂದ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ನೀಡಿದವು.

ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ವಾಹನ ಪರೀಕ್ಷೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಕೇಂದ್ರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಯಿತು. ಗ್ರೀನ್ ಟ್ಯಾಕ್ಸ್ ಬೇರೆ. 2011ರಲ್ಲಿ ನೋಂದಣಿಯಾದ ಮೊದಲ ಲಿವಾಗಳಿಗೆ 2026ರಲ್ಲಿ 15 ವರ್ಷ ತುಂಬುತ್ತದೆ. ಅಂಥ ಕಾರು ಅಗ್ಗಕ್ಕೆ ಬಂದರೆ ನವೀಕರಣದ ಖರ್ಚು, ಅದಕ್ಕೆ ಮುನ್ನ ಮಾಡಿಸಬೇಕಾದ ರಿಪೇರಿ, ಎಲ್ಲ ಕೂಡಿಸಿ ಬೆಲೆ ಮಾತಾಡಿ.

ಮಾತು 3: “ಟೊಯೊಟಾ, ನಾಲ್ಕು ಸ್ಟಾರ್ ಸೇಫ್ಟಿ”

ಇದು ಅರ್ಧ ನಿಜ. ಅರ್ಧ ನಿಜವೇ ಇಲ್ಲಿ ಹೆಚ್ಚು ಅಪಾಯ. ಗ್ಲೋಬಲ್ ಎನ್‌ಕ್ಯಾಪ್ 2016ರಲ್ಲಿ ಈ ಕಾರನ್ನು ಗುದ್ದಿಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ನಾಲ್ಕು ಸ್ಟಾರ್, ಮಕ್ಕಳ ರಕ್ಷಣೆಗೆ ಎರಡು ಸ್ಟಾರ್ ಸಿಕ್ಕಿತು. ಆದರೆ ಪರೀಕ್ಷೆಗೆ ನಿಂತದ್ದು ಎರಡು ಏರ್‌ಬ್ಯಾಗ್ ಇದ್ದ ಕಾರು. ಆರಂಭದ ವರ್ಷಗಳ ಕಡಿಮೆ ಬೆಲೆಯ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಆ ಕಾರಿಗೆ ಈ ಸ್ಟಾರ್ ಅನ್ವಯಿಸುವುದಿಲ್ಲ.

ಆದ್ದರಿಂದ ಹೀಗೆ ನೋಡಿ. ಸ್ಟೀರಿಂಗ್ ಮೇಲೂ ಎಡಭಾಗದ ಡ್ಯಾಶ್‌ಬೋರ್ಡ್ ಮೇಲೂ ಏರ್‌ಬ್ಯಾಗ್ ಗುರುತು ಇರಬೇಕು. ಕೀಲಿ ತಿರುಗಿಸಿದಾಗ ಮೀಟರ್‌ನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತುವುದೇ ಇಲ್ಲ ಎಂದರೆ ಇನ್ನೂ ಕೆಟ್ಟದ್ದು: ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡ ಮೇಲೆ ಹೊಸದು ಹಾಕಿಸದೆ ದೀಪದ ಸಂಪರ್ಕ ತಪ್ಪಿಸಿರಬಹುದು. ನಮ್ಮ ಸಲಹೆ ಸರಳ. ಏರ್‌ಬ್ಯಾಗ್ ಮತ್ತು ಎಬಿಎಸ್ ಎರಡೂ ಇರುವ ನಂತರದ ವರ್ಷಗಳ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮಾತು 4: “ಡೀಸೆಲ್ ತಗೊಂಡರೇ ಲಾಭ”

ಅದು ನೀವು ವರ್ಷಕ್ಕೆ ಎಷ್ಟು ಓಡಿಸುತ್ತೀರಿ ಎಂಬುದರ ಮೇಲೆ ಇದೆ. ಲಿವಾ ಡೀಸೆಲ್‌ನ ಎಆರ್‌ಎಐ ಮೈಲೇಜ್ ಲೀಟರ್‌ಗೆ 23.59 ಕಿ.ಮೀ. ಇದು ಪ್ರಯೋಗಾಲಯದ ಅಂಕಿ. ಎಸಿ ಹಾಕಿ, ನಾಲ್ಕು ಜನ ಕೂತು, ಕಾಲುವೆ ದಾರಿಯಲ್ಲಿ ಹೋದರೆ ಅಷ್ಟು ಬರುವುದಿಲ್ಲ.

ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 8,000 ಕಿ.ಮೀ. ಓಡಿಸುತ್ತೀರಿ. ಪೆಟ್ರೋಲ್ ಕಾರು 15, ಡೀಸೆಲ್ 18 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಪೆಟ್ರೋಲ್ 100, ಡೀಸೆಲ್ 90 ರೂಪಾಯಿ ಹಿಡಿಯೋಣ. ಪೆಟ್ರೋಲ್‌ಗೆ ಸುಮಾರು 53,300, ಡೀಸೆಲ್‌ಗೆ 40,000 ರೂಪಾಯಿ ಆಗುತ್ತದೆ. ಉಳಿತಾಯ ವರ್ಷಕ್ಕೆ 13,300. ಡೀಸೆಲ್ ಕಾರಿಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಮರಳಲು ಏಳೂವರೆ ವರ್ಷ ಬೇಕು. ನಡುವೆ ಇಂಜೆಕ್ಟರ್, ಟರ್ಬೊ ಕೆಲಸ ಬಂದರೆ ಉಳಿದದ್ದೂ ಹೋಯಿತು. ಆಸ್ಪತ್ರೆ, ಸಂತೆ, ಮದುವೆಗೆ ಮಾತ್ರ ಕಾರು ಬೇಕೆಂದರೆ ಪೆಟ್ರೋಲ್ ಸಾಕು. ದಿನವೂ ರಾಯಚೂರಿಗೆ ಹೋಗಿಬರುವವರಿಗೆ ಡೀಸೆಲ್ ಸರಿಹೋಗಬಹುದು.

ಮಾತು 5: “ಇ20 ಪೆಟ್ರೋಲ್ ಹಾಕಿದರೆ ಹಳೆ ಎಂಜಿನ್ ಸುಟ್ಟುಹೋಗುತ್ತದೆ”

ಹಾಗೆ ಒಮ್ಮೆಲೇ ಸುಡುವುದಿಲ್ಲ. ಆದರೆ ಏನೂ ಆಗುವುದಿಲ್ಲ ಎನ್ನುವುದೂ ಸರಿಯಲ್ಲ. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ 2023ರಿಂದ ಬಂಕ್‌ಗಳಿಗೆ ಬರತೊಡಗಿತು. ಲಿವಾ ಅದಕ್ಕೂ ಮೊದಲಿನ ಕಾರು. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಇಳಿಯುತ್ತದೆ. ಹಳೆಯ ಬಗೆಯ ನಾಲ್ಕು ಚಕ್ರದ ವಾಹನಗಳಲ್ಲಿ ಇಳಿಕೆ ಶೇ 6ರಿಂದ 7 ಇರಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಕಾಲಕ್ರಮದಲ್ಲಿ ರಬ್ಬರ್ ಪೈಪು, ಗ್ಯಾಸ್ಕೆಟ್ ಬೇಗ ಸವೆಯಬಹುದು. ಸರ್ವಿಸ್‌ಗೆ ಬಿಟ್ಟಾಗ ಅವನ್ನು ನೋಡಿಸುತ್ತಿರಿ. ತಿಂಗಳುಗಟ್ಟಲೆ ಕಾರು ನಿಲ್ಲಿಸಿಡಬೇಡಿ.

ಮಾತು 6: “40 ಸಾವಿರ ಮಾತ್ರ ಓಡಿದೆ, ಹೊಸದರಂತೆ ಇದೆ”

ಮೀಟರ್ ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವಲ್ಲ. ಅಧಿಕೃತ ಸರ್ವಿಸ್ ಸೆಂಟರ್‌ನ ದಾಖಲೆ ಕೇಳಿ, ಪ್ರತಿ ಸರ್ವಿಸ್‌ನಲ್ಲಿ ಬರೆದ ಕಿ.ಮೀ. ಏರುತ್ತಾ ಬಂದಿದೆಯೇ ನೋಡಿ. ಕ್ಲಚ್ ಪೆಡಲ್‌ನ ರಬ್ಬರ್ ಸವೆದು ನುಣುಪಾಗಿದೆಯೇ, ಸ್ಟೀರಿಂಗ್ ಹೊಳೆಯುತ್ತಿದೆಯೇ, ಡ್ರೈವರ್ ಸೀಟು ಕುಸಿದಿದೆಯೇ ನೋಡಿ. ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರ ತಯಾರಾದ ಟೈರ್. 2016ರ ಕಾರು 30 ಸಾವಿರ ಮಾತ್ರ ಓಡಿದೆ ಎನ್ನುವವರು ನಾಲ್ಕೂ ಟೈರ್ ಯಾವಾಗಲೋ ಬದಲಿಸಿದ್ದರೆ ಯಾಕೆ ಎಂದು ಕೇಳಿ.

ಮೊದಲು ಟ್ಯಾಕ್ಸಿಯಾಗಿದ್ದು ಆಮೇಲೆ ಬಿಳಿ ಬೋರ್ಡ್‌ಗೆ ಬದಲಾಯಿತೇ ಎಂಬುದನ್ನೂ ಹಳೆಯ ಕಾಗದಗಳಲ್ಲಿ ನೋಡಿ.

ಕಾರಿನ ಮುಂದೆ ನಿಂತಾಗ

ಮಾರುವವರಿಗೆ ಒಂದು ಮಾತು ಮೊದಲೇ ಹೇಳಿ: “ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ.” ಬೆಚ್ಚಗಾದ ಎಂಜಿನ್ ತನ್ನ ದೋಷ ಮುಚ್ಚಿಡುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಹೊಗೆ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ದಟ್ಟ ಕಪ್ಪು ಎಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಚಳಿಗೆ ತೆಳು ಬಿಳಿ ಆವಿ ಬಂದು ನಿಂತರೆ ಭಯವಿಲ್ಲ. ಬಿಳಿ ಹೊಗೆ ನಿಲ್ಲದೆ ಬಂದು ಸಿಹಿ ವಾಸನೆ ಇದ್ದರೆ ಕೂಲೆಂಟ್ ಎಂಜಿನ್ ಒಳಗೆ ಸೋರುತ್ತಿರಬಹುದು.

ನದಿ, ಕಾಲುವೆ ಬದಿಯ ಊರಿನವರು ನೀರಿನ ಗುರುತನ್ನೂ ಹುಡುಕಬೇಕು. ಸೀಟ್ ಬೆಲ್ಟ್ ಕೊನೆಯವರೆಗೆ ಎಳೆಯಿರಿ, ಮಣ್ಣಿನ ಗೆರೆ ಇದೆಯೇ? ಸೀಟಿನ ಕೆಳಗಿನ ಕಂಬಿಗಳು ತುಕ್ಕು ಹಿಡಿದಿವೆಯೇ? ಸ್ಟೆಪ್ನಿ ಇಡುವ ಗುಂಡಿಯಲ್ಲಿ ಹೂಳು ಇದೆಯೇ? ಭತ್ತ ಕೂಡಿಡುವ ಮನೆಗಳಲ್ಲಿ ಇಲಿ ಕಾಟ ಇದ್ದದ್ದೇ. ಬಾನೆಟ್ ಎತ್ತಿ, ಕಚ್ಚಿದ ವೈರ್‌ಗೆ ಟೇಪ್ ಸುತ್ತಿದ್ದಾರೆಯೇ ನೋಡಿ.

ಕಾಗದ ನಿಮ್ಮ ಹೆಸರಿಗೆ ಬರುವ ತನಕ ಕಾರು ನಿಮ್ಮದಲ್ಲ

“ಗಾಡಿ ತಗೊಂಡು ಹೋಗಿ, ಹೆಸರು ಆಮೇಲೆ ಮಾಡಿಸೋಣ” ಎಂಬ ಮಾತಿಗೆ ಒಪ್ಪಬೇಡಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಂದಣಿ ಅವಧಿ, ವಿಮೆ, ಸಾಲದ ನಮೂದು ನೋಡಿ. ಬಾಕಿ ದಂಡವನ್ನೂ ಪರಿಶೀಲಿಸಿ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕಾರಿನ ಮೇಲಿನದಕ್ಕೆ ತಾಳೆಯಾಗಬೇಕು. ಸಾಲ ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಬೇಕು. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ತೆಲಂಗಾಣ, ಆಂಧ್ರದ ಕಾರು ಅಗ್ಗ ಎಂದು ಕಂಡರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ, ಇಲ್ಲಿನ ಮರು ನೋಂದಣಿ, ಕರ್ನಾಟಕದ ಜೀವಾವಧಿ ತೆರಿಗೆ ಎಲ್ಲ ಕೂಡಿಸಿ ಲೆಕ್ಕ ಹಾಕಿ. ಅಗ್ಗ ಅಲ್ಲೇ ಕರಗಿಹೋಗಬಹುದು.

ಹೆಸರು ಬದಲಿಸದಿದ್ದರೆ ಏನಾಗುತ್ತದೆ? 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ ಆರ್‌ಸಿಯಲ್ಲಿ ಹೆಸರಿದ್ದ ಮೊದಲ ಮಾಲೀಕರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಳೆಯ ಕಾರು ಮಾರುವ ಪ್ರತಿಯೊಬ್ಬರಿಗೂ ಇದು ಎಚ್ಚರಿಕೆ. ಕೊಳ್ಳುವವರಿಗೂ ಇಲ್ಲಿ ನಷ್ಟವಿದೆ: ವಿಮೆ ನಿಮ್ಮ ಹೆಸರಿಗೆ ಬಾರದಿದ್ದರೆ ನಿಮ್ಮ ಕಾರಿಗೆ ಆದ ಹಾನಿಯ ಹಣ ಸಿಗದಿರಬಹುದು. ಮಾರಿದವರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ನಿಮಗೆ ಬರುವುದೂ ಇಲ್ಲ.

ಒಟ್ಟಿನಲ್ಲಿ

‘ನಿಂತುಹೋದ ಮಾಡೆಲ್, ಮುಟ್ಟಬೇಡಿ’ ಎಂಬುದು ಲಿವಾ ಮಟ್ಟಿಗೆ ದಾರಿ ತಪ್ಪಿಸುವ ಮಾತು. ‘ಟೊಯೊಟಾ ಅಲ್ವಾ, ಕಣ್ಣು ಮುಚ್ಚಿ ತಗೊಳ್ಳಿ’ ಎಂಬುದೂ ಅಷ್ಟೇ ತಪ್ಪು. ಏರ್‌ಬ್ಯಾಗ್ ಇರುವ, ಸರ್ವಿಸ್ ದಾಖಲೆ ಇರುವ, ತಣ್ಣಗಿದ್ದಾಗ ಸ್ವಚ್ಛವಾಗಿ ಸ್ಟಾರ್ಟ್ ಆಗುವ, ಕಾಗದ ಸರಿ ಇರುವ ಲಿವಾ ಸಿಕ್ಕರೆ ಅದು ಕಡಿಮೆ ಬೆಲೆಗೆ ಒಳ್ಳೆಯ ಕಾರು. ಇವುಗಳಲ್ಲಿ ಒಂದು ತಪ್ಪಿದರೂ ಇನ್ನೊಂದು ಕಾರು ನೋಡಿ. ನೋಡಲು ಹೋಗುವಾಗ ನಿಮ್ಮ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಒಂದು ಬೆಳೆಯ ದುಡ್ಡು ಉಳಿಸುವ ಖರ್ಚು ಅದು.