ಆಡೂರು ಶಾಸನದ ಎರಡನೆಯ ಭಾಗ: ಬಹುಭಾಷಿಕರು ಕನ್ನಡ ಕಲಿತ ಬಗೆಯ ಕುರಿತು ಒಂದು ಟಿಪ್ಪಣಿ

ಹಾನಗಲ್ಲಿನಿಂದ ಪೂರ್ವಕ್ಕೆ ಸುಮಾರು ಹತ್ತು ಮೈಲಿ ದೂರದಲ್ಲಿರುವ ಆಡೂರು ಬಾದಾಮಿ ಚಾಲುಕ್ಯರ ಕಾಲದ ಒಂದು ಶಾಸನದಿಂದ ಚರಿತ್ರೆಯ ಅಭ್ಯಾಸಿಗಳಿಗೆ ಪರಿಚಿತ. ಅದರಲ್ಲಿ ಬರುವ ಅರಸ ಕೀರ್ತಿವರ್ಮ 8ನೆಯ ಶತಮಾನದ ಎರಡನೆಯ ಕೀರ್ತಿವರ್ಮನೆಂದು ವಿದ್ವಾಂಸರು ಗುರುತಿಸಿದ್ದಾರೆ. ಜೆ. ಎಫ್. ಫ್ಲೀಟರು ಈ ಶಾಸನವನ್ನು 1882ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ 11ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಶಾಸನಕ್ಕೆ ಎರಡು ಭಾಗ. ಮೊದಲನೆಯದು ಸಂಸ್ಕೃತ, ಎರಡನೆಯದು ಹಳಗನ್ನಡ ಗದ್ಯ. ಗಾಮುಂಡರು ಜಿನಾಲಯಕ್ಕೆ ರಾಜಮಾನದ ಅಳತೆಯಲ್ಲಿ ಎಂಟು ಮತ್ತರು ಗದ್ದೆ ಬಿಟ್ಟ ಸಂಗತಿ ಈ ಎರಡನೆಯ ಭಾಗದಲ್ಲಿದೆ.

ಶಾಸನದ ರಾಜಕೀಯ, ಧಾರ್ಮಿಕ ಮಹತ್ವದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ನನ್ನ ಆಸಕ್ತಿ ಬೇರೆ. ಹಲವು ಭಾಷೆ ಬಲ್ಲ ಹೊರಗಿನವನೊಬ್ಬ ಈ ಕಲ್ಲಿನ ಮುಂದೆ ನಿಂತರೆ ಅವನಿಗೆ ಎಷ್ಟು ದಕ್ಕುತ್ತದೆ, ಉಳಿದದ್ದನ್ನು ಅವನು ಎಲ್ಲಿಂದ ತರಬೇಕು ಎಂಬುದು ನನ್ನ ಪ್ರಶ್ನೆ. ಸಂಸ್ಕೃತದ ಭಾಗವನ್ನು ಲಂಡನ್ನಿನಲ್ಲಿಯೋ ಟ್ಯೂಬಿಂಗೆನ್‌ನಲ್ಲಿಯೋ ಕೂತು ಓದಿಬಿಡಬಹುದು. ಕನ್ನಡ ಭಾಗ ಹಾಗಲ್ಲ. ಮತ್ತರು ಎಂದರೇನು, ಗದ್ದೆಗೂ ಹೊಲಕ್ಕೂ ಇರುವ ಅಂತರವೇನು, ಊರಿನಲ್ಲಿ ಗಾಮುಂಡನ ಸ್ಥಾನವೇನು ಎನ್ನುವುದು ಊರೊಳಗಿನ ಒಡನಾಟದಿಂದಲೇ ತಿಳಿಯಬೇಕು.

ಫ್ಲೀಟರ ಜೀವನವೇ ಇದಕ್ಕೆ ಒಳ್ಳೆಯ ನಿದರ್ಶನ. 1847ರಲ್ಲಿ ಹುಟ್ಟಿದ ಅವರು 1867ರಲ್ಲಿ ಮುಂಬೈ ಸಿವಿಲ್ ಸರ್ವಿಸಿಗೆ ಬಂದರು. ಹೊರಡುವ ಮೊದಲೇ ಲಂಡನ್ನಿನಲ್ಲಿ ಗೋಲ್ಡ್‌ಸ್ಟುಕರರ ಬಳಿ ಸಂಸ್ಕೃತ ಕಲಿತಿದ್ದರು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರರಾದರು. ಶಾಲೆಗಳ ತನಿಖೆಗೆ ಊರೂರು ತಿರುಗುವ ಹುದ್ದೆ ಅದು. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲಿನ ಗ್ರಂಥ ಬಂತು. ಮರುವರ್ಷ ಭಾರತ ಸರ್ಕಾರದ ಶಾಸನತಜ್ಞರಾಗಿ ನೇಮಕಗೊಂಡರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಇನ್ನೊಂದಿದೆ. ಅದೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ 1885ರಿಂದ ಫ್ಲೀಟರು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸತೊಡಗಿದರು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಸಂಗ್ಯಾ ಇವೆಲ್ಲ ಅವುಗಳಲ್ಲಿ ಬರುತ್ತವೆ. ಕಲ್ಲಿನ ಅಕ್ಷರ ಬಲ್ಲವನಿಗೆ ಲಾವಣಿ ತಾನಾಗಿ ಅರ್ಥವಾಗುವುದಿಲ್ಲ. ಹಲಗೆಯ ಪೆಟ್ಟಿಗೆ ಸರಿಯಾಗಿ ಸ್ವರ ನುಂಗಿ, ಪದ ಕೂಡಿಸಿ ಹಾಡುವ ಭಾಷೆ ಅದು. ಅದನ್ನು ಅರ್ಥಮಾಡಿಕೊಂಡವರ ಕಿವಿ ಈ ಸೀಮೆಯಲ್ಲಿ ಪಳಗಿತ್ತು ಎಂದೇ ತಿಳಿಯಬೇಕು.

ಬಹುಭಾಷಿಕನಿಗೆ ಹೊಸ ಭಾಷೆ ಸುಲಭ ಎಂಬ ಮಾತು ಅರ್ಧ ಮಾತ್ರ ನಿಜ. ಅವನಿಗೆ ಮೊದಲೇ ಗೊತ್ತಿರುವುದೇ ಅಡ್ಡ ಬರುವ ಸಂದರ್ಭಗಳು ಕನ್ನಡದಲ್ಲಿ ಹೇರಳವಾಗಿವೆ. ಸಂಸ್ಕೃತ ಬಲ್ಲವನು ‘ಅವಸರ’ ಎಂಬ ಮಾತು ಕೇಳಿ ಅವಕಾಶ ಎಂದುಕೊಳ್ಳುತ್ತಾನೆ; ಊರಿನವರು ಗಡಿಬಿಡಿ ಎಂಬ ಅರ್ಥದಲ್ಲಿ ಆಡಿರುತ್ತಾರೆ. ‘ಅನುಮಾನ’ ಅವನಿಗೆ ತರ್ಕಶಾಸ್ತ್ರದ ಪದ, ಇಲ್ಲಿ ಸಂಶಯ. ‘ಶಿಕ್ಷೆ’ ಅವನಿಗೆ ಕಲಿಕೆ, ಇಲ್ಲಿ ದಂಡನೆ. ‘ಸಂಸಾರ’ ಅವನಿಗೆ ಜನನಮರಣಗಳ ಚಕ್ರ. ಇಲ್ಲಿ ಯಾರಾದರೂ ‘ಸಂಸಾರ ಎಲ್ಲಿ ಇಟ್ಟೀರಿ?’ ಎಂದರೆ ಹೆಂಡತಿ ಮಕ್ಕಳು ಎಲ್ಲಿದ್ದಾರೆ ಎಂದರ್ಥ. ಇಂಥ ತಪ್ಪು ಸಂಸ್ಕೃತ ಅರಿಯದ ಹೊರಗಿನವನಿಂದ ಆಗುವುದಿಲ್ಲ, ಬಲ್ಲವನಿಂದಲೇ ಆಗುತ್ತದೆ.

ವ್ಯಾಕರಣದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕಿದೆ. ಪುಸ್ತಕ ಓದಿ ಬಂದವನಿಗೆ ‘ಬಂದಾನು’ ಎಂದರೆ ಸಂಭಾವನಾರ್ಥಕ, ಬರಬಹುದು ಎಂದರ್ಥ. ಧಾರವಾಡ, ಹಾವೇರಿ ಕಡೆಯ ಮನೆಯಲ್ಲಿ ‘ಅಂವ ಬಂದಾನ’ ಎಂದರೆ ಆತ ಬಂದು ಒಳಗೆ ಕೂತಿದ್ದಾನೆ ಎಂದರ್ಥ. ಕೊನೆಯ ಒಂದು ಸ್ವರದಿಂದ ಮಾತಿನ ಅರ್ಥವೇ ಬದಲಾಗುತ್ತದೆ, ಆ ಸ್ವರವೂ ವೇಗದ ಮಾತಿನಲ್ಲಿ ಸವೆದಿರುತ್ತದೆ. ಇದನ್ನು ಬಿಡಿಸಿ ಹೇಳುವ ಪಾಠಪುಸ್ತಕ ಎದುರಿಗಿದ್ದರೂ ಪ್ರಯೋಜನ ಕಡಿಮೆ. ಕದ ತೆರೆದು ನೋಡಿದಾಗ ಆತ ಅಲ್ಲಿ ಕೂತಿರುವುದನ್ನು ನಾಲ್ಕು ಸಲ ಕಂಡವನಿಗೆ ಈ ರೂಪ ಮತ್ತೆ ಮರೆಯುವುದಿಲ್ಲ. ಆಡುವವರ ನಡುವೆ ಇದ್ದು ಕಲಿಯುವುದರ ಲಾಭ ಇರುವುದು ಇಲ್ಲಿಯೇ: ಮಾತು ಕಿವಿಗೆ ಬೀಳುವ ಹೊತ್ತಿಗೆ ಅದರ ಸಂದರ್ಭ ಕಣ್ಣೆದುರು ಇರುತ್ತದೆ.

ಹಾಗೆಂದು ಮೊದಲಿನ ಭಾಷೆಗಳ ನೆರವನ್ನು ಅಲ್ಲಗಳೆಯುವಂತಿಲ್ಲ. ತಮಿಳು ಬಲ್ಲವನಿಗೆ ಕನ್ನಡದ ಚರಿತ್ರೆ ಅರ್ಧ ತೆರೆದೇ ಇರುತ್ತದೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು ಎಂಬ ಒಂದೇ ಸೂತ್ರದಿಂದ ಪಾಲ್ ಹಾಲಾದುದು, ಪಳ್ಳಿ ಹಳ್ಳಿಯಾದುದು ಅವನಿಗೆ ಹೊಳೆಯುತ್ತದೆ. ಆಡೂರಿನ ತಾಲ್ಲೂಕು ಕೇಂದ್ರದ ಹೆಸರೇ ಇದಕ್ಕೆ ಸಾಕ್ಷಿ. ಶಾಸನಗಳ ಪಾನುಂಗಲ್ ಇಂದಿನ ಹಾನಗಲ್ಲು. ಕನ್ನಡ ಕಳೆದುಕೊಂಡ ೞಕಾರವೂ ತಮಿಳಿನಲ್ಲಿ ಉಳಿದಿದೆ. ಕೋೞಿ ನಮ್ಮಲ್ಲಿ ಕೋಳಿಯಾಯಿತು, ಗೞ್ದೆ ಗದ್ದೆಯಾಯಿತು. ಆಡೂರಿನ ಗಾಮುಂಡರು ಬಿಟ್ಟುಕೊಟ್ಟದ್ದು ಈ ಗೞ್ದೆಯನ್ನೇ. ಮಲೆನಾಡಿನ ಅಂಚಿಗಿರುವ ಹಾನಗಲ್ಲಿನಲ್ಲಿ ಭತ್ತ ಬೆಳೆಯುವವರ ಬಾಯಲ್ಲಿ ಆ ಪದ ಇವತ್ತಿಗೂ ಚಲಾವಣೆಯಲ್ಲಿದೆ. ಗಾಮುಂಡ ಎಂಬುದೂ ಗವುಂಡವಾಗಿ, ಗೌಡನಾಗಿ ಉಳಿದಿದೆ.

ಹಳೆಯ ಭಾಷೆಗಳ ನೆರವು ಮತ್ತು ಊರಿನ ಒಡನಾಟ ಎರಡನ್ನೂ ಒಂದೇ ಕಡೆ ಕಾಣಬೇಕಾದರೆ ಫರ್ಡಿನೆಂಡ್ ಕಿಟ್ಟೆಲರ ನಿಘಂಟನ್ನು ತೆರೆಯಬೇಕು. ಉತ್ತರ ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಕಿಟ್ಟೆಲರಿಗೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಬರುತ್ತಿದ್ದವು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು. ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ತಮಿಳು, ತೆಲುಗು, ಮಲಯಾಳ, ತುಳು ಸಮಾನರೂಪಗಳಿವೆ. ತತ್ಸಮ, ತದ್ಭವಗಳ ವಿವೇಚನೆಯಿದೆ. ಇದು ಬಹುಭಾಷಿಕ ವಿದ್ವಾಂಸನ ಕೆಲಸ. ಅದೇ ಪುಟಗಳಲ್ಲಿ ಪದಗಳ ಪಕ್ಕ ಇನ್ನೊಂದು ಬಗೆಯ ಗುರುತುಗಳೂ ಸಿಗುತ್ತವೆ. ಈ ಪದ ಮೈಸೂರು ಕಡೆಯದು, ಈ ಪದ ದಕ್ಷಿಣ ಮರಾಠಾ ಸೀಮೆಯದು ಎಂದು ಸಂಕ್ಷಿಪ್ತಾಕ್ಷರಗಳಲ್ಲಿ ಸೂಚಿಸಿದ್ದಾರೆ. ಅಂದಿನ ಧಾರವಾಡ ಜಿಲ್ಲೆ, ಅಂದರೆ ಇಂದಿನ ಹಾವೇರಿಯೂ ಸೇರಿದ ನಾಡು, ಆ ಎರಡನೆಯ ಗುರುತಿನೊಳಗೆ ಬರುತ್ತದೆ. ಜೊತೆಗೆ ಗಾದೆಗಳು ರಾಶಿರಾಶಿಯಾಗಿವೆ. ಕವಿಪ್ರಯೋಗ ಸಿಕ್ಕಲ್ಲಿ ಅದನ್ನು ಕೊಡುತ್ತಾರೆ. ಅಡಿಗೆಮನೆ, ಕೊಟ್ಟಿಗೆ, ಸಂತೆಗಳ ಪದಕ್ಕೆ ಗಾದೆಯನ್ನೇ ಆಧಾರವಾಗಿ ನಿಲ್ಲಿಸುತ್ತಾರೆ. ಗ್ರಂಥಸ್ಥ ಭಾಷೆಗೆ ಕೊಟ್ಟಷ್ಟೇ ಗೌರವವನ್ನು ಆಡುಮಾತಿಗೂ ಕೊಟ್ಟ ಈ ಕ್ರಮವನ್ನು ನಮ್ಮ ನಂತರದ ಕೆಲವು ನಿಘಂಟುಗಳೂ ಇಷ್ಟು ನಿಷ್ಠೆಯಿಂದ ಪಾಲಿಸಿಲ್ಲ ಎಂದು ನಾನು ಭಾವಿಸುತ್ತೇನೆ.

ಫ್ಲೀಟರೂ ಕಿಟ್ಟೆಲರೂ ಓಡಾಡಿದ ಕಾಲದಲ್ಲೇ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ಶರೀಫರು (1819–1889) ತತ್ವಪದ ಕಟ್ಟುತ್ತಿದ್ದರು. ಮುಸ್ಲಿಂ ಮನೆತನ, ಬ್ರಾಹ್ಮಣ ಗುರು ಗೋವಿಂದಭಟ್ಟರು, ಕನ್ನಡ ಪದ. ಪಕ್ಕದ ಸವಣೂರು ನವಾಬರ ಸಂಸ್ಥಾನ, ಅಲ್ಲಿ ದಖನಿ ಉರ್ದು. ಕಚೇರಿಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ಈ ಸೀಮೆಯ ಸಾಮಾನ್ಯ ವ್ಯಾಪಾರಿಯೂ ಎರಡು ಮೂರು ಭಾಷೆಗಳ ನಡುವೆ ಬದುಕುತ್ತಿದ್ದ. ಅದನ್ನು ಯಾರೂ ಪಾಂಡಿತ್ಯವೆಂದು ಎಣಿಸಿರಲಿಲ್ಲ. ಸಾಂಗ್ಲಿ ಜಿಲ್ಲೆಯ ಕುಪವಾಡದ ಮೇಲೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ತಲೆಮಾರುಗಳಿಂದ ಒಟ್ಟಿಗಿದ್ದು, ಶಬ್ದಗಳು ಬೇರೆಯಾಗಿಯೇ ಉಳಿದರೂ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿರುವುದನ್ನು ಅವರು ತೋರಿಸಿದರು. ಒಡನಾಟ ಕಲಿಯುವವನನ್ನು ಮಾತ್ರವಲ್ಲದೆ ಭಾಷೆಗಳನ್ನೂ ಬದಲಿಸುತ್ತದೆ ಎಂಬುದಕ್ಕೆ ಕನ್ನಡಿಗರ ನಡುವಿನಿಂದ ಸಿಕ್ಕ ಬಲವಾದ ಪುರಾವೆ ಇದು.

ಈ ಎಲ್ಲದರಿಂದ ನಾನು ತಲುಪುವ ನಿರ್ಣಯ ಇಷ್ಟು. ಅನುಭವಿ ಬಹುಭಾಷಿಕ ಲಿಪಿ, ಸಂಧಿ, ವಿಭಕ್ತಿಗಳನ್ನು ಬೇಗ ದಾಟುತ್ತಾನೆ. ಆಮೇಲೆ ಅವನು ತನ್ನ ಹಳೆಯ ಜ್ಞಾನವನ್ನು ಪದಪದಕ್ಕೂ ಊರಿನವರ ಬಾಯಿಯಿಂದ ತಿದ್ದಿಸಿಕೊಳ್ಳಬೇಕು. ಹೆಚ್ಚು ಕಾಲ ಹಿಡಿಯುವುದು ಈ ತಿದ್ದುಪಡಿಯೇ. ಕಿಟ್ಟೆಲರು ಕನ್ನಡ ನಾಡಿಗೆ ಬಂದದ್ದಕ್ಕೂ ನಿಘಂಟು ಅಚ್ಚಾದದ್ದಕ್ಕೂ ನಡುವೆ 41 ವರ್ಷಗಳಿವೆ. ಆರು ತಿಂಗಳಲ್ಲಿ ಭಾಷೆ ಕಲಿಸುವ ಭರವಸೆ ಕೊಡುವವರು ಈ ಲೆಕ್ಕವನ್ನು ಗಮನಿಸಬೇಕು.

ಇನ್ನು ಒಂದು ಕೋರಿಕೆ. ಕಿಟ್ಟೆಲರು ದಕ್ಷಿಣ ಮರಾಠಾ ಸೀಮೆಯದೆಂದು ಗುರುತಿಸಿದ ಪದಗಳನ್ನು ಪ್ರತ್ಯೇಕ ಪಟ್ಟಿ ಮಾಡಿ, ಆಡೂರು, ಅಕ್ಕಿಆಲೂರು, ತಿಳವಳ್ಳಿ ಕಡೆಯ ಹಿರಿಯರ ಮುಂದೆ ಒಂದೊಂದಾಗಿ ಓದಿ, ಯಾವುದು ಉಳಿದಿದೆ, ಯಾವುದರ ಅರ್ಥ ಬದಲಾಗಿದೆ, ಯಾವುದು ಹೋಗಿದೆ ಎಂದು ದಾಖಲಿಸುವ ಕೆಲಸ ಆಗಬೇಕು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು, ಈ ಭಾಗದ ಶಿಕ್ಷಕರು ಇದನ್ನು ಕೈಗೆತ್ತಿಕೊಳ್ಳಲಿ. ಎತ್ತಿನ ಬೇಸಾಯ ಮಾಡಿದವರು, ಕೂರಿಗೆ ಹಿಡಿದು ಬಿತ್ತಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಹೋಗಿ ಕೇಳಿರಿ.