ತ.ರಾ.ಸು. ಮತ್ತು ದುರ್ಗದ ಚರಿತ್ರೆ

ತ.ರಾ. ಸುಬ್ಬರಾಯ (1920–1984): ಕನ್ನಡದ ಕಾದಂಬರಿಕಾರ, ಪತ್ರಕರ್ತ. ಚಿತ್ರದುರ್ಗದ ಪಾಳೆಯಗಾರರ ಏಳುಬೀಳನ್ನು ಕಾದಂಬರಿಗಳ ಸಾಲಿನಲ್ಲಿ ಬರೆದಿಟ್ಟ ದುರ್ಗದ ಅಭಿಮಾನಿ. ಪೂರ್ಣ ಹೆಸರು ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಮಲೆಬೆನ್ನೂರಿನಲ್ಲಿ. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಈ ಊರು ಸಿಗುತ್ತದೆ. ಅದೇ ದಾರಿಯಲ್ಲಿ ಮುಂದೆ ಹೋದರೆ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ. ಮಳೆ ಕಡಿಮೆಯಾದ, ಶೇಂಗಾ ಬೆಳೆಯುವ, ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಸೀಮೆ ಇದು. ತಳುಕಿನ ಈ ಮನೆಯ ಮಾತೂ ತೆಲುಗೇ. ಕುವೆಂಪು ತಮ್ಮ 'ಶ್ರೀರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರು, ಅವರ ತಮ್ಮ ವಿದ್ವಾಂಸ ತ.ಸು. ಶಾಮರಾಯರು ಇದೇ ಮನೆತನದವರು. ಇಷ್ಟು ಚಿಕ್ಕ ಊರಿನಿಂದ ಕನ್ನಡಕ್ಕೆ ಇಷ್ಟು ಜನ ಬಂದದ್ದು ಸಣ್ಣ ಸಂಗತಿಯಲ್ಲ.

ತಾನು ಮೆಚ್ಚಿದ್ದರ ಚರಿತ್ರೆಯನ್ನು ಬೇರೆ ಯಾರಾದರೂ ಬರೆಯಲಿ ಎಂದು ಅಭಿಮಾನಿ ಕಾಯುವುದಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಬಗ್ಗೆ ವಿವರವಾದ ಪುಸ್ತಕಗಳನ್ನು ಬರೆದವರಲ್ಲಿ ಆಯಾ ಕ್ಲಬ್ಬಿನ ಅಭಿಮಾನಿಗಳು ಬಹಳ ಮಂದಿ. ಆರ್ಸೆನಲ್ ತಂಡದ ಅಭಿಮಾನಿ ನಿಕ್ ಹಾರ್ನ್‌ಬಿ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತನ್ನ ಬಾಳಿನ ವರ್ಷಗಳನ್ನೇ ತಂಡದ ಪಂದ್ಯಗಳಿಂದ ಎಣಿಸಿದ. ಬಯಲುಸೀಮೆಯಲ್ಲಿ ಅಂಥ ಕ್ಲಬ್ಬುಗಳಿರಲಿಲ್ಲ, ಕೋಟೆ ಇತ್ತು. ತ.ರಾ.ಸು. ಅದರ ಪಕ್ಷ ವಹಿಸಿದರು, ಅದರ ಗೆಲುವು ಸೋಲುಗಳನ್ನು ಬರೆದಿಟ್ಟರು.

ಅವರಿಗಿಂತ ಮೊದಲೇ ಈ ಸೀಮೆಯ ಚರಿತ್ರೆಯನ್ನು ಕೂಡಿಸುವ ಕೆಲಸ ಹಲವು ಕೈಗಳಲ್ಲಿ ನಡೆದಿತ್ತು. 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ಅದನ್ನು ಬರೆದ ಚಪಡನೆಂಬ ಲಿಪಿಕಾರ ಕೊನೆಗೆ ತನ್ನ ಹೆಸರನ್ನೂ ಹಾಕಿದ್ದಾನೆ, ತನ್ನ ಕಸುಬನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಈ ಸೀಮೆಯಲ್ಲಿ ಬರೆದು ಹೆಸರು ಉಳಿಸಿಹೋದವರಲ್ಲಿ ನಮಗೆ ಗೊತ್ತಿರುವ ಮೊದಲಿಗ ಅವನೇ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಅಡಿಯಲ್ಲಿ ಉತ್ಖನನ ನಡೆಸಿದರು. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 11ನೆಯ ಸಂಪುಟ ಪೂರ್ತಿ ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೇ ಮೀಸಲು.

ಪಾಳೆಯಗಾರರ ಕತೆ ಮಾತ್ರ ಕಲ್ಲಿಗಿಂತ ಹೆಚ್ಚಾಗಿ ಕಡತಗಳಲ್ಲಿ, ಬಖೈರುಗಳಲ್ಲಿ, ಜನರ ಬಾಯಲ್ಲಿ ಉಳಿದಿತ್ತು. ಎಂ.ಎಸ್. ಪುಟ್ಟಣ್ಣನವರು 'ಚಿತ್ರದುರ್ಗದ ಪಾಳೆಯಗಾರರು' ಎಂಬ ಪುಸ್ತಕವನ್ನೇ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಚರಿತ್ರೆಯ ಸಾಮಗ್ರಿ ಹುಡುಕುವುದನ್ನೇ ಬದುಕಿನ ಕೆಲಸ ಮಾಡಿಕೊಂಡರು. ಇಂಥವರು ಹದ ಮಾಡಿದ ನೆಲದಲ್ಲೇ ತ.ರಾ.ಸು. ಬಿತ್ತಿದರು. ಅವರ ಕಾದಂಬರಿಗಳನ್ನು ಹೊಗಳುವಾಗ ಈ ಹಿರಿಯರ ಹೆಸರನ್ನು ಬಿಡುವುದು ನ್ಯಾಯವಲ್ಲ.

ದುರ್ಗದ ನಾಯಕರ ಆಳ್ವಿಕೆ 1568ರಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ಶುರುವಾಗಿ 1779ರಲ್ಲಿ ಹೈದರಾಲಿ ಕೋಟೆ ಹಿಡಿದಾಗ ಮುಗಿಯಿತು. ಈ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಇಂದಿನ ಚಳ್ಳಕೆರೆ, ಮೊಳಕಾಲ್ಮೂರು ಭಾಗಗಳು ಕೋಟೆಗೆ ಹೊರಗಿನವಾಗಿರಲಿಲ್ಲ. ನಾಯಕನಹಟ್ಟಿಯಲ್ಲಿ ಬೇರೊಂದು ಪಾಳೆಯಪಟ್ಟು ಇತ್ತು. ಮೊಳಕಾಲ್ಮೂರು ಆ ಹಟ್ಟಿಯ ನಾಯಕರ ಕೈಯಲ್ಲಿದ್ದು ಆಮೇಲೆ ದುರ್ಗಕ್ಕೆ ಸೇರಿತು. ಇವೆಲ್ಲಕ್ಕಿಂತ ದೊಡ್ಡ ಘಟನೆ ನಡೆದದ್ದು ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ. 1695ರಲ್ಲಿ ಮರಾಠ ಸೇನಾಪತಿ ಸಂತಾಜಿ ಘೋರ್ಪಡೆ ಮೊಗಲರ ಸರದಾರ ಕಾಸಿಂ ಖಾನನ ಸೈನ್ಯವನ್ನು ಬೆನ್ನಟ್ಟಿ ಈ ಊರಿನ ಸಣ್ಣ ಕೋಟೆಯೊಳಗೆ ಕೂಡಿಹಾಕಿದ. ಆಗ ದುರ್ಗದ ಭರಮಣ್ಣ ನಾಯಕನ ಬೇಡಪಡೆ ಮರಾಠರ ಪಕ್ಷದಲ್ಲಿತ್ತು. ಒಳಗಿದ್ದವರಿಗೆ ಅನ್ನವಿಲ್ಲ, ಕುದುರೆಗಳಿಗೆ ಮೇವಿಲ್ಲ. ಕಾಸಿಂ ಖಾನ್ ಅಲ್ಲೇ ಸತ್ತ, ಉಳಿದವರು ಹಣ ಒಪ್ಪಿಕೊಂಡು ಶರಣಾದರು. ಔರಂಗಜೇಬನ ದಕ್ಷಿಣದ ದಂಡಯಾತ್ರೆಗೆ ಬಿದ್ದ ದೊಡ್ಡ ಪೆಟ್ಟುಗಳಲ್ಲಿ ಇದೂ ಒಂದು. ದೊಡ್ಡೇರಿಯ ಹೆಸರು ಶಾಲೆಯ ಪಾಠಗಳಲ್ಲಿ ಇದಕ್ಕಿಂತ ಗಟ್ಟಿಯಾಗಿ ಕೇಳಬೇಕಿತ್ತು.

ತ.ರಾ.ಸು. ಸ್ವಾತಂತ್ರ್ಯ ಹೋರಾಟಕ್ಕಿಳಿದು ಓದು ಬಿಟ್ಟವರು, ಜೈಲು ಕಂಡವರು. ಪತ್ರಿಕೆಗಳಲ್ಲಿ ದುಡಿದರು. ಅ.ನ.ಕೃ., ಬಸವರಾಜ ಕಟ್ಟೀಮನಿ, ನಿರಂಜನರ ಜೊತೆ ಪ್ರಗತಿಶೀಲ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದರು. ಸಾಮಾಜಿಕ ಕಾದಂಬರಿಗಳು ಅವರ ಹೆಸರನ್ನು ಮನೆಮನೆಗೆ ಒಯ್ದವು. ದುರ್ಗ ಮಾತ್ರ ಅವರನ್ನು ಬಿಡಲಿಲ್ಲ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಒಂದರ ಬೆನ್ನಿಗೊಂದು ಓದಬೇಕಾದವು. 17ನೆಯ ಶತಮಾನದ ಕೊನೆಯಲ್ಲಿ ದಳವಾಯಿ ಮುದ್ದಣ್ಣ ಹೂಡಿದ ಒಳಸಂಚು, ಅದರಿಂದ ದುರ್ಗದ ಗದ್ದುಗೆ ರಕ್ತದಲ್ಲಿ ತೊಯ್ದ ಬಗೆ ಇವುಗಳ ವಸ್ತು. 'ಹೊಸ ಹಗಲು', 'ವಿಜಯೋತ್ಸಾಹ', 'ರಾಜ್ಯದಾಹ', 'ಕಸ್ತೂರಿ ಕಂಕಣ' ಈ ಸಾಲನ್ನು ಬೆಳೆಸಿದವು. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಬದುಕನ್ನು ಹೇಳುವ 'ಹಂಸಗೀತೆ'ಯಲ್ಲೂ ಅದೇ ಊರು, ಅದೇ ಬಂಡೆಗಳು.

ಈ ಬರವಣಿಗೆಯ ಬಲ ಇರುವುದು ಸ್ಥಳದ ಪರಿಚಯದಲ್ಲಿ. ಏಳುಸುತ್ತಿನ ಕೋಟೆಯ ಯಾವ ಬಾಗಿಲಿನಿಂದ ಹೊಕ್ಕರೆ ಯಾವ ಬತ್ತೇರಿ ಎದುರಾಗುತ್ತದೆ, ಏಕನಾಥೇಶ್ವರಿಯ ಗುಡಿಯಿಂದ ಹಿಡಿಂಬೇಶ್ವರನ ಗುಡಿಗೆ ದಾರಿ ಹೇಗೆ, ಯಾವ ಹೊಂಡದ ನೀರು ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಬಲ್ಲವನ ಬರಹ ಅದು. ಅರಮನೆಯ ಸಂಚಿಗೂ ಬೆಟ್ಟದ ಕಾವಲಿಗೂ ಗಂಟು ಬೀಳುವುದು ಈ ತಿಳಿವಳಿಕೆಯಿಂದಲೇ. ಕೋಟೆ ನೋಡಲು ಬರುವವರಲ್ಲಿ ಎಷ್ಟೋ ಜನ ಈಗಲೂ ಕಾದಂಬರಿಯ ನೆನಪಿನಲ್ಲೇ ಮೆಟ್ಟಿಲು ಹತ್ತುತ್ತಾರೆ.

ಸಾಲಿನ ಶಿಖರ 'ದುರ್ಗಾಸ್ತಮಾನ'. ಪ್ರಕಟವಾದದ್ದು 1982ರಲ್ಲಿ. ಹುಡುಗನಾಗಿ ಪಟ್ಟಕ್ಕೆ ಬಂದ ಕೊನೆಯ ಮದಕರಿ ನಾಯಕನ ಆಳ್ವಿಕೆ (1754–1779), ಹೈದರಾಲಿಯ ಜೊತೆಗಿನ ಸ್ನೇಹ, ಆಮೇಲಿನ ಹಗೆ, ಮುತ್ತಿಗೆಗಳು, ಪತನ ಎಲ್ಲವೂ ಇದರಲ್ಲಿವೆ. ತಾನು ಪ್ರೀತಿಸಿದ ಕೋಟೆಯ ಗೆಲುವುಗಳನ್ನು ಮೊದಲೇ ಬರೆದು ಮುಗಿಸಿದ ಲೇಖಕ ಅದರ ಸೋಲನ್ನು ಬರೆದದ್ದು ಬಾಳಿನ ಕೊನೆಯ ವರ್ಷಗಳಲ್ಲಿ. ಸೋಲನ್ನು ಮರೆಮಾಚದೆ ಬರೆದದ್ದೇ ಈ ಕೃತಿಯ ಹಿರಿಮೆ. ಹೊರಗಿನ ಶತ್ರುವಿನಷ್ಟೇ ಒಳಗಿನವರ ಕೈವಾಡವೂ ಕೋಟೆಯನ್ನು ಕೆಡವಿತು ಎಂಬುದನ್ನು ಅವರು ಒಪ್ಪಿಕೊಂಡೇ ಬರೆದಿದ್ದಾರೆ.

ಆದರೂ ಇದು ಪಕ್ಷ ವಹಿಸಿದವನ ಚರಿತ್ರೆ ಎಂಬುದನ್ನು ಮರೆಯಬಾರದು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ದುರ್ಗ ಅವನ ಬೆನ್ನಿಗಿತ್ತು. ಮರಾಠರು ಮೈಸೂರಿನವರ ನಡುವೆ ಸಿಕ್ಕ ಪಾಳೆಯಗಾರರು ದಿನಮಾನ ನೋಡಿ ಪಕ್ಷ ಬದಲಿಸುತ್ತಿದ್ದರು, ಮದಕರಿಯೂ ಅದಕ್ಕೆ ಹೊರತಲ್ಲ. ಕಾದಂಬರಿಯಲ್ಲಿ ಅವನ ಸ್ವಾಭಿಮಾನಕ್ಕೆ ಸಿಗುವ ಬೆಳಕು ಈ ಲೆಕ್ಕಾಚಾರಕ್ಕೆ ಅಷ್ಟಾಗಿ ಸಿಗುವುದಿಲ್ಲ. ಪತನದ ನಂತರ ನಾಯಕನ ಕುಟುಂಬವನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಬ್ರಿಟಿಷ್ ಬರಹಗಾರರ ಲೆಕ್ಕದಂತೆ ಸುಮಾರು 20,000 ಬೇಡರನ್ನು ಅಲ್ಲಿಗೆ ಸಾಗಿಸಿ, ಅವರ ಹುಡುಗರನ್ನು ಸೆರೆಯಾಳುಗಳ ಚೇಲಾ ಪಡೆಗಳಿಗೆ ಸೇರಿಸಲಾಯಿತು. ಅರಮನೆ ಬಿದ್ದ ಕತೆಗಿಂತ ಈ ಸಾಮಾನ್ಯ ಜನರ ಗತಿ ಕಡಿಮೆ ದಾರುಣವಲ್ಲ. ಅದನ್ನು ಪೂರ್ತಿಯಾಗಿ ಹೇಳುವ ಕನ್ನಡ ಕೃತಿ ಬರಬೇಕು.

ಜನಮನದಲ್ಲಿ ದುರ್ಗ ಬೇರೂರಲು ಸಿನಿಮಾ ಕೂಡ ಕಾರಣ. ತ.ರಾ.ಸು. ಅವರ ಮೂರು ಸಾಮಾಜಿಕ ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ತೆಗೆದರು. ಕೋಟೆಯಲ್ಲೇ ಚಿತ್ರೀಕರಣ ನಡೆಯಿತು. ಹಾಡಿನ ದೃಶ್ಯದಲ್ಲಿ ಜಯಂತಿ ಒನಕೆ ಹಿಡಿದು ನಿಂತ ಮೇಲೆ ಕೋಟೆಯ ವೀರವನಿತೆ ಓಬವ್ವ ನಾಡಿಗೆಲ್ಲ ಮನೆಮಗಳಾದಳು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಇವತ್ತು ಒನಕೆ ಓಬವ್ವನ ಹೆಸರಿದೆ, ರಂಗಮಂದಿರಕ್ಕೆ ತ.ರಾ.ಸು. ಹೆಸರಿದೆ.

ಕೋಟೆಯಿಂದ ಈಶಾನ್ಯಕ್ಕೆ ಇಳಿದರೆ ಚರಿತ್ರೆ ಕಾಯುವ ಬೇರೆ ಬಗೆಯ ಜನ ಸಿಗುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರಿನ ಮ್ಯಾಸನಾಯಕರಿಗೆ ದೇವರ ಎತ್ತುಗಳೇ ಕುಲದ ಗೌರವ. ಅವನ್ನು ಕಾಯುವ ಕಿಲಾರಿಗಳು ಎತ್ತುಗಳ ಜೊತೆಗೆ ಕುಲದ ನೆನಪನ್ನೂ ಕಾಯುತ್ತಾರೆ. ಗಾದ್ರಿ ಪಾಲನಾಯಕನಂಥ ವೀರರ ಕತೆ ಅವರಲ್ಲಿ ಹಾಡಾಗಿ ಉಳಿದಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟಿದ್ದಳು. ಕೃಷ್ಣಮೂರ್ತಿ ಹನೂರರು ಈ ಸೀಮೆಯಲ್ಲಿ ಓಡಾಡಿ ಆಕೆಯ ಹಾಡುಗಳನ್ನೂ ಇಲ್ಲಿನ ಕತೆಗಳನ್ನೂ ಬರಹಕ್ಕೆ ತಂದರು. ಗದ್ದುಗೆಯ ಚರಿತ್ರೆಯನ್ನು ತ.ರಾ.ಸು. ಬರೆದರು, ಹಟ್ಟಿಯ ಚರಿತ್ರೆ ಈ ಹಾಡುಗಾರರ ಕೊರಳಲ್ಲಿತ್ತು. ಎರಡೂ ಸೇರದೆ ದುರ್ಗದ ಸೀಮೆಯ ಕತೆ ಪೂರ್ತಿಯಾಗದು.

ತ.ರಾ.ಸು. 1984ರ ಏಪ್ರಿಲ್ 10ರಂದು ತೀರಿಕೊಂಡರು. 1985ರಲ್ಲಿ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿ ಓದುವವರು ಎಂ.ಎಸ್. ಪುಟ್ಟಣ್ಣನವರ ಪುಸ್ತಕವನ್ನೂ ರೈಸರ ಶಾಸನ ಸಂಪುಟವನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. ಚಳ್ಳಕೆರೆ, ಮೊಳಕಾಲ್ಮೂರಿನ ಕಾಲೇಜುಗಳ ಹುಡುಗ ಹುಡುಗಿಯರು ತಮ್ಮ ಹಟ್ಟಿಯ ಹಿರಿಯರು ಹಾಡುವುದನ್ನು ಈಗಲೇ ಬರೆದುಕೊಳ್ಳಲಿ.